ಹದಿನೈದನೇ ನಿಮಿಷ

ಇನ್ನೂರು ಸೀಸೆ. ಹೆಸರಿಲ್ಲ, ಊರಿಲ್ಲ, ಬರೀ ನಂಬರು.
ಜಗಳೂರಿನ ಜ್ವರ, ಹೊನ್ನಾಳಿಯ ಜ್ವರ
ಎಲ್ಲದರದೂ ಒಂದೇ ಬಣ್ಣ, ಒಣಹುಲ್ಲು ನೆನೆಸಿಟ್ಟ ನೀರಿನದು.
ಅರ್ಧಕ್ಕೆ ಡೆಂಗಿ ಇದೆ, ಅರ್ಧಕ್ಕಿಲ್ಲ.
ಯಾವುದಕ್ಕೆ ಎಂಬ ಪಟ್ಟಿ ಡಾಕ್ಟರಮ್ಮನ ಬೀರುವಿನಲ್ಲಿ,
ಬೀಗದ ಕೈ ಅವರ ಸೊಂಟದಲ್ಲಿ.

ಹೊಸ ಕಿಟ್ಟಿಗೆ ಪರೀಕ್ಷೆ ಬರೆಸುವುದು ನಮ್ಮ ಕೆಲಸ.
ರೋಗಿಯನ್ನು ಪರೀಕ್ಷಿಸುವವರನ್ನು ಎಲ್ಲರೂ ಕಂಡಿದ್ದಾರೆ.
ಪರೀಕ್ಷೆಯನ್ನೇ ಪರೀಕ್ಷಿಸುವವರಿಗೆ
ಯಾರೂ ಟೀ ತಂದುಕೊಡುವುದಿಲ್ಲ.

ಒಂದು ಹನಿ ಸೀಸೆಯದು, ಮೂರು ಹನಿ ದ್ರಾವಣ.
ಬಿಳಿ ಪಟ್ಟಿಯಲ್ಲಿ ಒದ್ದೆ ಏರುತ್ತದೆ
ಹಳೇ ಗೋಡೆಯಲ್ಲಿ ತೇವ ಹತ್ತಿದ ಹಾಗೆ.
ಮೇಲಿನ ಗೆರೆ ಬಂದರೆ ಕಿಟ್ಟು ಬದುಕಿದೆ ಎಂದರ್ಥ.
ಕೆಳಗಿನದು ಬಂತೋ ಇಲ್ಲವೋ
ಹದಿನೈದನೇ ನಿಮಿಷಕ್ಕೆ ಓದಬೇಕು. ಹತ್ತಕ್ಕಲ್ಲ.
ದಾವಣಗೆರೆಯ ಈ ಬಿಸಿಲಿಗೆ ಮರೆತು ಬಿಟ್ಟು ನಲವತ್ತಕ್ಕೆ ಓದಿದರೆ
ಎಲ್ಲರಿಗೂ ರೋಗ.

ನೂರಾ ಮೂವತ್ತೇಳನೆಯದು.
ಗೆರೆ ಇದೆ, ಅಂದೆ.
'ಇಲ್ಲ ಬಿಡ್ರಿ,' ಅಂದ ಕೊಟ್ರೇಶ, 'ಅದು ನಿಮ್ಮ ಕನ್ನಡಕದ ಗೀರು.'
ಕಿಟಕಿಗೆ ಒಯ್ದೆವು, ಓರೆ ಮಾಡಿದೆವು.
ಒಗೆದೊಗೆದು ಸೋತ ರವಿಕೆಯ ಅಂಚಿನಷ್ಟು ಕೆಂಪು.
ಇಬ್ಬರೂ ಮಾತಾಡಬಾರದು ಎಂಬುದು ನಿಯಮ.
ಮಾತಾಡಿದೆವು. ಅದನ್ನೂ ಬರೆದಿಟ್ಟೆ.

ಆಗ ಮೆಹಬೂಬಿ ನೆನಪಾದಳು, ಮಂಡಕ್ಕಿ ಭಟ್ಟಿಯವಳು.
ಎರಡು ವರ್ಷದ ಹಿಂದೆ, ಜ್ವರದ ಎರಡನೇ ದಿನ ಬಂದಿದ್ದಳು
ತಲೆಯಲ್ಲಿ ಹೊಟ್ಟು, ಅಂಗೈಯಲ್ಲಿ ಕಾದ ಮರಳಿನ ಬಿಸಿ.
ಕಿಟ್ಟು ಇಲ್ಲ ಅಂತು. ನಾನೂ ಇಲ್ಲ ಅಂದೆ.
ಆರನೇ ದಿನ ಆಟೋದಲ್ಲಿ ಎತ್ತಿ ತಂದರು;
ಗೆರೆ ಎದ್ದು ಕೂತಿತ್ತು.
'ಅವತ್ತು ಇಲ್ಲ ಅಂದ್ರಿ, ಇವತ್ತು ಐತಿ ಅಂತೀರಿ.
ಯಾವ್ದು ಖರೇ ಹೇಳ್ರಿ ಸಿಸ್ಟರ್?'
ನಾನು ಸಿಸ್ಟರ್ ಅಲ್ಲ. ಅದನ್ನು ಹೇಳಲಿಲ್ಲ.
ಎರಡೂ ಖರೇ ಅಂತಲೂ ಹೇಳಲಾಗಲಿಲ್ಲ.
ಕಳ್ಳ ಹೊಕ್ಕ ರಾತ್ರಿಯೇ ಮೈ ಕೂಗುವುದಿಲ್ಲ,
ಕಾವಲಿನವರನ್ನು ಕೂಡಿಹಾಕಲು ಅದಕ್ಕೆ ನಾಲ್ಕೈದು ದಿನ ಬೇಕು.
ನಾವು ಹುಡುಕುವುದು ಕಳ್ಳನನ್ನಲ್ಲ,
ಕಾವಲಿನವರ ಹೆಜ್ಜೆಯನ್ನು.

ಮೊನ್ನೆ ಅವಳ ಭಟ್ಟಿಯೆದುರು ನಿಂತೆ. ಜರಡಿ ಆಡಿಸುತ್ತಿದ್ದಳು,
ಮರಳು ಕೆಳಗೆ, ಮಂಡಕ್ಕಿ ಮೇಲೆ.
'ಕಣ್ಣು ದೊಡ್ಡದಾದ್ರೆ ಸಣ್ಣ ಮಂಡಕ್ಕಿನೂ ಉದುರ್ತೈತಿ,
ಸಣ್ಣದಾದ್ರೆ ಮರಳು ಹಲ್ಲಿಗೆ ಬರ್ತೈತಿ.'
ಹಾಗಾದರೆ ಸರಿಯಾದ ಜರಡಿ ಯಾವುದು? ಕೇಳಿದೆ.
ನಕ್ಕಳು. 'ಎರಡ್ ಸಲ ಹಿಡೀಬೇಕ್ರೀ.'

ಅವಳು ಕಟ್ಟಿಕೊಟ್ಟ ಕಾಗದದ ಹಿಂದೆ, ಮಿರ್ಚಿಯ ಎಣ್ಣೆ ತಪ್ಪಿಸಿ, ಲೆಕ್ಕ ಬರೆದೆ:
ಬೇಸಿಗೆ. ಸಾವಿರ ಜನ. ರೋಗ ಹತ್ತೇ ಮಂದಿಗೆ.
ಡಬ್ಬಿಯ ಮೇಲಿನ ಬಂಗಾರದ ಅಕ್ಷರವನ್ನೇ ನಂಬಿದರೂ
ಹತ್ತರಲ್ಲಿ ಒಂಬತ್ತು ಸಿಗುತ್ತವೆ,
ಇಲ್ಲದವರಲ್ಲಿ ನೂರಕ್ಕೆ ಐವರೂ ಸಿಕ್ಕಿಬೀಳುತ್ತಾರೆ.
ಗೆರೆ ಬಂದವರು ಹತ್ತಿರ ಹತ್ತಿರ ಅರವತ್ತು,
ರೋಗದವರು ಒಂಬತ್ತು.
ಐವತ್ತು ಮನೆಯಲ್ಲಿ ಸುಮ್ಮನೆ ರಾತ್ರಿ ದೀಪ ಉರಿಯುತ್ತದೆ.

ಇವತ್ತು ಬೀರು ತೆಗೆದರು. ನಾಲ್ಕು ಮನೆಯ ಚೌಕ ಬರೆದು ತುಂಬಿದೆವು.
ಎಂಬತ್ತೊಂದು, ಹತ್ತೊಂಬತ್ತು.
ಏಳು, ತೊಂಬತ್ತಮೂರು.
ಬಂಗಾರದ ಅಕ್ಷರ ಅಷ್ಟು ಹೊಳೆಯಲಿಲ್ಲ ಆಮೇಲೆ.

ನೂರಾ ಮೂವತ್ತೇಳು: ಇದೆ. ಜ್ವರದ ಮೂರನೇ ದಿನ.
ಕೊಟ್ರೇಶ ನೆಲ ನೋಡಿದ. ನಾನು ಗೆದ್ದೆ ಅನ್ನಿಸಲಿಲ್ಲ;
ನೂರಾ ನಲವತ್ತೊಂದರಲ್ಲೂ ನಾನು ಗೆರೆ ಕಂಡಿದ್ದೆ,
ಅಲ್ಲಿ ಏನೂ ಇರಲಿಲ್ಲ.

ಸಂಜೆ ಅವನೇ ಎರಡು ಲೋಟ ಟೀ ತಂದ.
ನನ್ನ ಕನ್ನಡಕ ಇಸಿದುಕೊಂಡು ಅಂಗಿಯ ತುದಿಯಿಂದ ಒರೆಸಿದ,
ಬೆಳಕಿಗೆ ಹಿಡಿದ, ಮತ್ತೆ ಒರೆಸಿದ.
ಗೀರು ಹೋಗಲಿಲ್ಲ.